ಸಂಪು, ಮುಷ್ಕರ ಮತ್ತು ಮೂರನೆಯವನು

2025ರ ಆಗಸ್ಟ್ 5. ಶ್ರಾವಣ ಮಾಸದ ಮಂಗಳವಾರ. ಹಾನಗಲ್ಲಿನ ಬಸ್ ನಿಲ್ದಾಣದಲ್ಲಿ ಅಂದು ಬೆಳಿಗ್ಗೆ ನಾನು ಎರಡು ತಾಸು ನಿಂತಿದ್ದೆ. ನಾನು ವಾಸಿಸುವುದು ಹಾನಗಲ್ಲಿನಲ್ಲಿ; ಪಾಠ ಹೇಳುವುದು ಶಿಗ್ಗಾವಿಯ ಪದವಿಪೂರ್ವ ಕಾಲೇಜೊಂದರಲ್ಲಿ. ಸಾರಿಗೆ ನೌಕರರು ಮುಷ್ಕರ ಹೂಡುವರೆಂಬ ಸುದ್ದಿ ಗೊತ್ತಿತ್ತು. ಆದರೆ ಹಿಂದಿನ ದಿನವೇ ಉಚ್ಚ ನ್ಯಾಯಾಲಯವು ಅದನ್ನು ಒಂದು ದಿನದ ಮಟ್ಟಿಗೆ ತಡೆದಿದೆಯೆಂದು ಕೇಳಿ, ಬಸ್ಸು ಬಂದರೂ ಬಂದೀತೆಂಬ ಆಸೆಯಿಂದ ಹೋಗಿದ್ದೆ. ಅಂಥದೇ ಆಸೆಯಿಂದ ಬಂದವರು ಅಲ್ಲಿ ಹಲವರಿದ್ದರು. ಅವರಲ್ಲಿ ಒಬ್ಬ ಹಿರಿಯ ರೈತರು ಹೆಂಡತಿಯ ಕಣ್ಣು ತೋರಿಸಲೆಂದು ಹುಬ್ಬಳ್ಳಿಗೆ ಹೊರಟಿದ್ದರು. ಕೈಯಲ್ಲಿ ಬುತ್ತಿಯ ಗಂಟು. ಬಹಳ ಹೊತ್ತು ಸುಮ್ಮನೆ ಕುಳಿತಿದ್ದವರು ಕೊನೆಗೆ ನನ್ನ ಕಡೆ ತಿರುಗಿ, “ಇವರಿಗೇನ್ ಕಡಿಮಿ ಆಗೇತ್ರಿ ಸರ? ತಿಂಗಳಾ ಪಗಾರ ಬರತೈತಿ. ಮಳಿ ಹೋದರ ನಾವು ಯಾರ ಮುಂದ ಸಂಪು ಮಾಡೋಣ್ರಿ?” ಎಂದು ಕೇಳಿದರು.

ನನ್ನಲ್ಲಿ ಉತ್ತರವಿರಲಿಲ್ಲ. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ನನಗೂ ಅವರಷ್ಟೇ ಸಿಟ್ಟು ಬಂದಿತ್ತು. ಆದರೆ ಭಾಷೆಯ ಮೇಷ್ಟರಿಗೆ ಒಂದು ಚಾಳಿಯುಂಟು. ಸಿಟ್ಟಿನ ನಡುವೆಯೂ ಶಬ್ದ ಕಿವಿಗೆ ಬಿದ್ದರೆ ಮನಸ್ಸು ಅದರ ಹಿಂದೆ ಹೋಗುತ್ತದೆ. ಪತ್ರಿಕೆಗಳು ‘ಮುಷ್ಕರ’ ಎಂದು ಬರೆಯುವುದನ್ನು ನಮ್ಮ ಸೀಮೆಯ ಜನ ‘ಸಂಪು’ ಎನ್ನುತ್ತಾರೆ. ಮುಷ್ಕರವೆಂದರೆ ಮೂಲದಲ್ಲಿ ಹಟ, ಮೊಂಡುತನ. ಸಂಪು ಮರಾಠಿಯಿಂದ ಬಂದ ಮಾತು. ಒಗ್ಗಟ್ಟು, ಒಡಂಬಡಿಕೆ ಎಂಬುದು ಅದರ ಹಳೆಯ ಅರ್ಥ. ಒಂದೇ ಕೃತ್ಯವನ್ನು ಹೊರಗೆ ನಿಂತು ನೋಡಿದವನು ಹಟವೆಂದು ಕರೆದ. ಒಳಗೆ ನಿಂತವನು ಒಗ್ಗಟ್ಟೆಂದು ಕರೆದ. ಎರಡೂ ಸುಳ್ಳಲ್ಲ. ಆದರೆ ಬುತ್ತಿ ಕಟ್ಟಿಕೊಂಡು ನಿಲ್ದಾಣದ ಕಟ್ಟೆಯ ಮೇಲೆ ಕುಳಿತ ಮೂರನೆಯವನಿಗೆ ಈ ಎರಡು ಮಾತುಗಳಲ್ಲಿಯೂ ಸ್ಥಳವಿಲ್ಲ.

ಬೆಂಗಳೂರಿನಲ್ಲಿ ಬಸ್ಸು ನಿಂತರೆ ಜನರಿಗೆ ತೊಂದರೆಯಾಗುತ್ತದೆ. ನಮ್ಮಲ್ಲಿ ಊರೇ ನಿಲ್ಲುತ್ತದೆ. ಹುಬ್ಬಳ್ಳಿಯಿಂದ ತೆಂಕಣಕ್ಕೆ ಹೋಗುವ ರೈಲು ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳನ್ನು ಮುಟ್ಟಿಕೊಂಡು ಹೋಗುತ್ತದೆ. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕು ಪೇಟೆಗಳ ಬೀದಿಯಲ್ಲಿ ನಿಂತವನಿಗೆ ಅದರ ಕೂಗೂ ಕೇಳಿಸದು. ರೈಲು ಹಿಡಿಯಬೇಕಾದರೂ ಮೊದಲು ಬಸ್ಸು ಹಿಡಿಯಬೇಕು. ಸವಣೂರಿನ ವೀಳ್ಯದೆಲೆಗೆ ಹೆಸರಿದೆ. ಆದರೆ ಎಲೆಗೆ ಕಾಯುವ ಗುಣವಿಲ್ಲ. ಹಿರೇಕೆರೂರಿನ ಹಳ್ಳಿಯ ಹುಡುಗಿ ಕಾಲೇಜು ಸೇರುವುದೋ ಬಿಡುವುದೋ ಎಂಬುದು ಎಷ್ಟೋ ಮನೆಗಳಲ್ಲಿ ನಿರ್ಣಯವಾಗುವುದು ಅವಳು ಪಡೆದ ಅಂಕಗಳಿಂದಲ್ಲ. ಸಂಜೆ ಕತ್ತಲಾಗುವ ಮೊದಲು ಊರು ಮುಟ್ಟಿಸುವ ಬಸ್ಸು ಉಂಟೇ ಇಲ್ಲವೇ ಎಂಬುದರಿಂದ. ಬಸ್ಸು ಇಲ್ಲದ ದಿನ ಟಂಟಂ ಗಾಡಿಯವರು, ಕ್ರೂಸರಿನವರು ಕೇಳಿದಷ್ಟು ಕೊಡಬೇಕು. ಕಾರು ಉಳ್ಳವನಿಗೆ ಸಂಪು ಒಂದು ಸುದ್ದಿ ಮಾತ್ರ. ಇಲ್ಲದವನಿಗೆ ಅದು ದಂಡ.

ಆದುದರಿಂದ ಜನರ ಸಿಟ್ಟು ಅನ್ಯಾಯದ್ದಲ್ಲ. ಅದು ಯಾರ ಮೇಲೆ ಬೀಳುತ್ತಿದೆ ಎಂಬುದಷ್ಟೇ ಪ್ರಶ್ನೆ. ಸಿಟ್ಟಿಗೆ ಕಣ್ಣಿಗೆ ಕಾಣುವ ಮನುಷ್ಯ ಬೇಕು. ನಮಗೆ ಕಾಣುವವನು ಖಾಕಿ ತೊಟ್ಟ ನಿರ್ವಾಹಕ. ಹಣಕಾಸಿನ ಇಲಾಖೆಯ ಕಡತವನ್ನು ಹಾನಗಲ್ಲಿನ ನಿಲ್ದಾಣದಲ್ಲಿ ಕಂಡವರಾರು?

ಆ ಕಡತದ ಕಥೆಯನ್ನು ಸ್ವಲ್ಪ ಹೇಳಬೇಕು. ನಮ್ಮ ಈ ಭಾಗ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಅಲ್ಲಿ ಸರಕಾರಿ ಬಸ್ಸು ಮೊದಲು ಓಡಿದ್ದು 1948ರ ಜೂನ್ 1ರಂದು, ಪುಣೆಯಿಂದ ಅಹಮದನಗರಕ್ಕೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮೈಸೂರು ಸರಕಾರ 120 ಬಸ್ಸುಗಳಿಂದ ತನ್ನ ಸಾರಿಗೆಯನ್ನು ಆರಂಭಿಸಿತು. 1961ರ ಆಗಸ್ಟ್ 1ರಂದು ಇಲಾಖೆ ಹೋಗಿ ನಿಗಮ ಬಂತು. 1997ರ ನವೆಂಬರ್ 1ರಿಂದ ಹುಬ್ಬಳ್ಳಿಯಲ್ಲಿ ಮುಖ್ಯ ಕಚೇರಿಯುಳ್ಳ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ನಮ್ಮದಾಯಿತು. ಹಾವೇರಿ ಜಿಲ್ಲೆಯಾದದ್ದೂ ಅದೇ ವರ್ಷ. ಇಲಾಖೆ ನಿಗಮವಾದ ಕಾರಣದಿಂದಲೇ ಬಸ್ಸಿನ ನೌಕರ ಒಂದು ವಿಚಿತ್ರ ಸ್ಥಿತಿಯಲ್ಲಿ ನಿಂತ. ಅವನು ಸರಕಾರದ ಆಜ್ಞೆಯಂತೆ ನಡೆಯಬೇಕು. ಆದರೆ ಸರಕಾರಿ ನೌಕರನಲ್ಲ. ಟಿಕೇಟಿನ ದರ ಸರಕಾರದ ಒಪ್ಪಿಗೆಯಿಲ್ಲದೆ ಏರುವಂತಿಲ್ಲ. ಆದರೆ ನಷ್ಟ ನಿಗಮದ್ದು. 4 ವರ್ಷಕ್ಕೊಮ್ಮೆ ವೇತನ ಪರಿಷ್ಕರಣೆಯಾಗಬೇಕೆಂಬ ರೂಢಿ ಇದೆ. 2016ರ ಜುಲೈ ತಿಂಗಳಲ್ಲಿ 3 ದಿನ ಬಸ್ಸು ನಿಂತ ಮೇಲೆ ಶೇಕಡಾ 12.5ರ ಹೆಚ್ಚಳ ದೊರೆಯಿತು. 2020ರ ಜನವರಿಯಿಂದ ಆಗಬೇಕಾಗಿದ್ದ ಪರಿಷ್ಕರಣೆ 2023ರ ಮಾರ್ಚಿಗೆ ಬಂತು, ಶೇಕಡಾ 15. ನಡುವಿನ 38 ತಿಂಗಳ ಬಾಕಿ ಹಾಗೆಯೇ ಉಳಿಯಿತು. 2024ರ ಜನವರಿಯಿಂದ ಮತ್ತೊಂದು ಪರಿಷ್ಕರಣೆಯ ಕಾಲ ಬಂದರೂ ಅದೂ ಆಗಲಿಲ್ಲ. 2025ರ ಆಗಸ್ಟಿನ ಸಂಪಿನ ಮುಖ್ಯ ಬೇಡಿಕೆಗಳು ಈ ಎರಡೇ.

ಇತ್ತ ನನ್ನಂಥ ಸರಕಾರಿ ಸಂಬಳಗಾರರಿಗೆ 7ನೆಯ ವೇತನ ಆಯೋಗದ ಪರಿಷ್ಕೃತ ಸಂಬಳ 2024ರ ಆಗಸ್ಟಿನಿಂದಲೇ ದೊರೆಯತೊಡಗಿತ್ತು. ಆ ದಿನ ನಿಲ್ದಾಣದಲ್ಲಿ ನಿಂತು ಸಿಡಿಮಿಡಿಗೊಳ್ಳುವಾಗ ಈ ಸಂಗತಿ ನನಗೆ ನೆನಪಾಗಲಿಲ್ಲ. ಇನ್ನೊಂದು ಸಂಗತಿಯೂ ನೆನಪಾಗಲಿಲ್ಲ. 2016ರ ಬೇಸಗೆಯಲ್ಲಿ ನಾವು ಪದವಿಪೂರ್ವ ಉಪನ್ಯಾಸಕರು ವೇತನದ ಸಲುವಾಗಿ ಮೌಲ್ಯಮಾಪನವನ್ನು ಬಹಿಷ್ಕರಿಸಿದ್ದೆವು. ಉತ್ತರ ಪತ್ರಿಕೆಗಳು ಕಟ್ಟಿನಲ್ಲಿಯೇ ಕುಳಿತವು. ಫಲಿತಾಂಶಕ್ಕಾಗಿ ಮಕ್ಕಳು ಕಾದರು. ಆಗ ನಮ್ಮ ಬಾಯಲ್ಲಿ ‘ಹಟ’ ಎಂಬ ಮಾತು ಬಂದಿರಲಿಲ್ಲ. ‘ಹಕ್ಕು’ ಎಂಬ ಮಾತು ಬಂದಿತ್ತು.

ಹಳ್ಳಿಯ ಜನಕ್ಕೆ ಬಸ್ಸಿನ ನೌಕರನ ಬದುಕು ತಿಳಿಯದೆಂದಲ್ಲ. ನಮ್ಮ ಕಡೆ ‘ವಸ್ತಿ ಬಸ್ಸು’ ಎಂದಿದೆ. ರಾತ್ರಿಯ ಕೊನೆಯ ಬಸ್ಸು ಊರಿಗೆ ಬಂದು, ಗುಡಿಯ ಮುಂದೆಯೋ ಪಂಚಾಯಿತಿಯ ಮುಂದೆಯೋ ನಿಂತು, ನಸುಕಿನಲ್ಲಿ ಹೊರಡುತ್ತದೆ. ಚಾಲಕ ನಿರ್ವಾಹಕರಿಬ್ಬರೂ ಅಲ್ಲಿಯೇ ಮಲಗಬೇಕು. ಬೇಸಗೆಯಲ್ಲಿ ಬಸ್ಸಿನೊಳಗೆ ಸೆಕೆ, ಮಳೆಗಾಲದಲ್ಲಿ ಸೊಳ್ಳೆ. ಹೆಣ್ಣುಮಕ್ಕಳೂ ನಿರ್ವಾಹಕರಾಗಿ ಬಂದಿರುವ ಈ ಕಾಲದಲ್ಲಿ ಆ ವ್ಯವಸ್ಥೆಯ ಕುಂದು ಇನ್ನೂ ಎದ್ದು ಕಾಣುತ್ತದೆ. ಒಂದು ಮನೆಯಿಂದ ರೊಟ್ಟಿ, ಇನ್ನೊಂದು ಮನೆಯಿಂದ ಮಜ್ಜಿಗೆ ಅವರಿಗೆ ಸಂದಾಯವಾಗುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ರೊಟ್ಟಿ ಕೊಟ್ಟ ಮನೆಯವರೇ ಸಂಪಿನ ದಿನ ಅವರನ್ನು ಬಯ್ಯುತ್ತಾರೆಂದರೆ, ನಡುವೆ ಎಲ್ಲಿಯೋ ಮಾತು ಕಡಿದುಹೋಗಿದೆ.

ಅದನ್ನು ಕಡಿದವರಲ್ಲಿ ಸಂಘಗಳೂ ಸೇರಿವೆ ಎಂದು ನಾನು ಹೇಳಬೇಕಾಗಿದೆ. 2020ರ ಡಿಸೆಂಬರಿನಲ್ಲಿ, ತಮ್ಮನ್ನು ಸರಕಾರಿ ನೌಕರರೆಂದು ಪರಿಗಣಿಸಬೇಕೆಂಬ ಬೇಡಿಕೆಯೊಡನೆ ಬಸ್ಸುಗಳು ಹಠಾತ್ತಾಗಿ ನಿಂತಾಗ ಜನ ನಡುದಾರಿಯಲ್ಲಿ ಉಳಿದರು. 2021ರ ಏಪ್ರಿಲ್ 7ರಂದು, 6ನೆಯ ವೇತನ ಆಯೋಗದ ಸಂಬಳ ಬೇಕೆಂದು ಆರಂಭವಾದ ಸಂಪು 21ರವರೆಗೆ ನಡೆಯಿತು. ನಡುವೆ 13ರಂದು ಯುಗಾದಿ. ದುಡಿಯಲು ಪರಊರಿಗೆ ಹೋದವರು ವರ್ಷಕ್ಕೊಮ್ಮೆ ಮನೆಗೆ ಮರಳುವ ಹಬ್ಬ. ಸರಕಾರವು ಖಾಸಗಿ ವಾಹನಗಳನ್ನು ಓಡಿಸಿತು. ನೌಕರರನ್ನು ವಜಾ ಮಾಡಿತು, ದೂರ ದೂರಕ್ಕೆ ವರ್ಗಾಯಿಸಿತು. ನೌಕರರ ಹೆಂಡಿರು ಮಕ್ಕಳು ಬೀದಿಯಲ್ಲಿ ತಟ್ಟೆ ಬಡಿದರು. ಅದೇ ದಿನಗಳಲ್ಲಿ ಜಮಖಂಡಿಯ ಬಳಿ, ಸಂಪಿನ ನಡುವೆಯೂ ಬಸ್ಸು ಓಡಿಸುತ್ತಿದ್ದ ಚಾಲಕನೊಬ್ಬ ಕಲ್ಲೇಟಿನಿಂದ ಪ್ರಾಣ ಬಿಟ್ಟ. ಅವನೂ ಅದೇ ಖಾಕಿಯವನು, ಅದೇ ಸಂಬಳದವನು. ಸಂಪು ಎಂಬ ಮಾತಿನ ಹಳೆಯ ಅರ್ಥ ಅಂದು ಅಳಿಯಿತೆಂದು ನನಗನಿಸಿತು. ಕಲ್ಲನ್ನು ಯಾವ ಸಂಘವೂ ಎಸೆಯಹೇಳಿರಲಿಕ್ಕಿಲ್ಲ. ಆದರೆ ಕೆಲಸಕ್ಕೆ ಹೋದವನನ್ನು ದ್ರೋಹಿಯೆಂದು ವೇದಿಕೆಯಿಂದ ಬಯ್ದಾಗ ಆ ಮಾತು ಎಲ್ಲಿಗೆ ಮುಟ್ಟೀತೆಂಬುದನ್ನು ಬಯ್ದವರು ಎಣಿಸಬೇಕು.

ಹಾಗೆಂದು, ಸಂಘವೇ ಬೇಡವೆನ್ನುವವರ ಜೊತೆಗೆ ನಾನು ಸೇರಲಾರೆ. ಸಂಘ ಕಟ್ಟುವುದೇ ಅಪರಾಧವಾಗಿದ್ದ ಕಾಲವನ್ನು ನಾವು ಬೇಗ ಮರೆತೆವು. 1918ರಲ್ಲಿ ಬಿ. ಪಿ. ವಾಡಿಯಾ ಅವರು ಮದರಾಸಿನ ಗಿರಣಿ ಕೆಲಸಗಾರರ ಸಂಘವನ್ನು ಕಟ್ಟಿದರು. ಬಿನ್ನಿ ಕಂಪನಿಯವರು ನ್ಯಾಯಾಲಯಕ್ಕೆ ಹೋಗಿ ಸಂಘದ ಮುಂದಾಳುಗಳ ವಿರುದ್ಧ ತಡೆಯಾಜ್ಞೆ ತಂದರು. ಕೆಲಸಗಾರರಿಗೆ ಒಗ್ಗಟ್ಟಿನ ಮಾತು ಹೇಳಿದ್ದೇ ನಷ್ಟ ತುಂಬಿಕೊಡಬೇಕಾದ ತಪ್ಪಾಯಿತು. ಆ ಪ್ರಕರಣದಿಂದೆದ್ದ ಕೂಗಿನ ಫಲವಾಗಿ 1926ರ ಕಾರ್ಮಿಕ ಸಂಘಗಳ ಕಾಯಿದೆ ಬಂತು. ಇಂದು ನಮ್ಮ ಅಧ್ಯಾಪಕರ ಸಂಘವೂ, ನಮ್ಮನ್ನು ಕಂಡು ಹಲ್ಲು ಕಡಿಯುವ ಇತರರ ಸಂಘಗಳೂ ಆ ಗಿರಣಿಯ ಕೂಲಿಗಳ ನೆರಳಿನಲ್ಲಿ ಕುಳಿತಿವೆ. ಒಬ್ಬೊಬ್ಬನೇ ನಿರ್ವಾಹಕ ಹೋಗಿ 38 ತಿಂಗಳ ಬಾಕಿಯನ್ನು ಕೇಳಿದರೆ ಬಾಗಿಲ ಜವಾನನೂ ಒಳಗೆ ಬಿಡಲಾರ.

ಆದರೆ ಕಾನೂನಿನ ಕಣ್ಣಿಗೆ ಕಾಣುವವರು ಇಬ್ಬರೇ. 1947ರ ಕೈಗಾರಿಕಾ ವಿವಾದಗಳ ಕಾಯಿದೆಯು ಸಾರ್ವಜನಿಕ ಉಪಯುಕ್ತ ಸೇವೆಗಳಲ್ಲಿ 14 ದಿನ ಮೊದಲು ಸೂಚನೆ ಕೊಡದೆ ಮುಷ್ಕರ ಹೂಡಬಾರದೆಂದು ವಿಧಿಸಿತ್ತು. ಅದರ ಸ್ಥಾನಕ್ಕೆ ಬಂದ 2020ರ ಸಂಹಿತೆಯು ಸೂಚನೆಯ ನಿಯಮವನ್ನು ಎಲ್ಲ ಕೈಗಾರಿಕೆಗಳಿಗೂ ಹಬ್ಬಿಸಿತು. ಸೂಚನೆ ಯಾರಿಗೆ? ಆಡಳಿತಕ್ಕೆ. ಪ್ರಯಾಣಿಕನಿಗಲ್ಲ. ಅವನು ಬೆಳಿಗ್ಗೆ ನಿಲ್ದಾಣಕ್ಕೆ ಬಂದು ಖಾಲಿ ಅಂಕಣ ನೋಡಿ ತಿಳಿದುಕೊಳ್ಳಬೇಕು. ಸರಕಾರ ತಿಳಿಸಲಿಲ್ಲ, ಸರಿ, ಸಂಘವಾದರೂ ತಿಳಿಸಬಾರದೇ? ಹಾನಗಲ್ಲಿನಿಂದ ದಿನಕ್ಕೆ ಎಷ್ಟು ಹಳ್ಳಿಗೆ ವಸ್ತಿ ಬಸ್ಸು ಹೋಗುತ್ತದೋ ಅಷ್ಟು ಹಳ್ಳಿಗಳಲ್ಲಿ ಸಂಘದ ಇಬ್ಬಿಬ್ಬರು ಸದಸ್ಯರು ರಾತ್ರಿ ಕಳೆಯುತ್ತಾರೆ. ಇಂಥ ಅನುಕೂಲ ಈ ನಾಡಿನ ಯಾವ ರಾಜಕೀಯ ಪಕ್ಷಕ್ಕೂ ಇಲ್ಲ! ಒಂದು ತಿಂಗಳ ಮೊದಲೇ ಕಟ್ಟೆಯ ಮೇಲೆ ಕುಳಿತು, “ಹಿಂಗಿಂಗ ಐತ್ರಿ ನಮ್ಮ ಬಾಕಿ, ಇಂಥಾ ದಿನ ಬಸ್ ಬರೂದಿಲ್ಲ, ದವಾಖಾನಿ ಕೆಲಸ ಇದ್ದರ ಮೊದಲ ಮುಗಿಸಿಕೊಳ್ರಿ” ಎಂದಿದ್ದರೆ ಆ ರೈತರ ಪ್ರಶ್ನೆಯೇ ಬೇರೆಯಾಗುತ್ತಿತ್ತು.

ಇನ್ನೊಂದು ಮಾತು ಸಂಘದವರಿಗೆ ಕಹಿಯಾದೀತು. ಸಂಪಿಲ್ಲದ ದಿನಗಳಲ್ಲಿ ನಮ್ಮ ಬಸ್ಸಿನ ಬಗ್ಗೆ ಅವರು ಎಷ್ಟು ಸಲ ಬಾಯಿ ತೆರೆದಿದ್ದಾರೆ? ಹಳ್ಳಿಯೊಂದರ ಬಸ್ಸು ತಿಂಗಳುಗಟ್ಟಲೆ ಬರದಿದ್ದಾಗ ವಿದ್ಯಾರ್ಥಿಗಳು ರಸ್ತೆಯಲ್ಲಿ ಕುಳಿತು ಬಸ್ಸು ತಡೆಯುತ್ತಾರೆ. ತಡೆದ ಬಸ್ಸಿನ ಚಾಲಕ ಕೆಳಗಿಳಿದು ಬೈಗುಳ ತಿನ್ನುತ್ತಾನೆ. ಬಸ್ಸು ಸಾಲದೆಂಬುದು ಅವನಿಗೂ ಗೊತ್ತು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳು ತುಂಬಿ ಬರುತ್ತಿದ್ದಾರೆ. ಅದು ಸಂತೋಷದ ಸಂಗತಿಯೇ. ಆದರೆ ಎದ್ದು ನಿಲ್ಲಲೂ ಸ್ಥಳವಿಲ್ಲದ ಬಸ್ಸಿನಲ್ಲಿ ಒಬ್ಬೊಬ್ಬರ ಗುರುತಿನ ಚೀಟಿ ನೋಡಿ ಶೂನ್ಯ ದರದ ಟಿಕೇಟು ಹರಿಯುವ ನಿರ್ವಾಹಕನ ಕಷ್ಟವೂ, ಮೆಟ್ಟಿಲ ಮೇಲೆ ಜೋತುಬಿದ್ದ ನನ್ನ ವಿದ್ಯಾರ್ಥಿಯ ಕಷ್ಟವೂ ಒಂದೇ ಕಾರಣದಿಂದ ಹುಟ್ಟಿದವು. ಬೇಡಿಕೆಯ ಪಟ್ಟಿಯಲ್ಲಿ ಮೊದಲನೆಯದು ಬಾಕಿ ವೇತನವಾಗಲಿ, ಯಾರಿಗೂ ಆಕ್ಷೇಪವಿಲ್ಲ. ಎರಡನೆಯದೋ ಮೂರನೆಯದೋ ‘ಹಿರೇಕೆರೂರಿನ ಹಳ್ಳಿಗಳಿಗೆ ಸಂಜೆಯ ಬಸ್ಸು’ ಎಂದು ಇದ್ದಿದ್ದರೆ? ಮಹಾರಾಷ್ಟ್ರದಲ್ಲಿ 2021ರ ಅಕ್ಟೋಬರಿನ ಕೊನೆಗೆ ನಿಂತ ಬಸ್ಸುಗಳು ಪೂರ್ತಿಯಾಗಿ ಓಡತೊಡಗಿದ್ದು 2022ರ ಏಪ್ರಿಲಿನಲ್ಲಿ. ಅಷ್ಟು ದೀರ್ಘವಾಗಿ ಬಸ್ಸಿಲ್ಲದ ಜನ ಬೇರೆ ದಾರಿ ಹುಡುಕಿಕೊಳ್ಳುತ್ತಾರೆ. ಹಾಗೆ ಬಿಟ್ಟುಹೋದ ಪ್ರಯಾಣಿಕರೆಲ್ಲ ಮರಳಿ ಬರುತ್ತಾರೆಂಬ ಭರವಸೆ ಇಲ್ಲ. ಅವರು ಹೋದರೆ ಸಂಬಳ ಕೊಡುವ ನಿಗಮವೇ ಬಡಕಲಾಗುತ್ತದೆ.

ನಮ್ಮ ಕಡೆಯ ತಪ್ಪನ್ನೂ ಬಿಡಬಾರದು. 2020ರಿಂದ 2023ರವರೆಗೆ ವೇತನ ಪರಿಷ್ಕರಣೆ ತಡವಾಗುತ್ತಿದ್ದಾಗ ನಮ್ಮಲ್ಲಿ ಯಾರು ಶಾಸಕರನ್ನು ಆ ವಿಷಯ ಕೇಳಿದರು? ಗ್ರಾಮಸಭೆಯಲ್ಲಿ ಚರಂಡಿಯ ಮಾತು ಬಂತು, ಬೀದಿ ದೀಪದ ಮಾತು ಬಂತು. ಬಸ್ಸು ಓಡುತ್ತಿರುವವರೆಗೆ ಅದನ್ನು ಓಡಿಸುವವರು ನಮಗೆ ಕಾಣಿಸುವುದಿಲ್ಲ. ನಿಂತಾಗ ಮಾತ್ರ ಕಾಣಿಸುತ್ತಾರೆ, ಅದೂ ಶತ್ರುಗಳಾಗಿ. ಸಂಪು ನಡೆಯುವುದು ಒಂದು ದಿನ, ಹದಿನೈದು ದಿನ. ಅದಕ್ಕೆ ಹಿಂದಿನ ವಿಳಂಬ ನಡೆದದ್ದು ವರ್ಷಗಟ್ಟಲೆ. ವಿಳಂಬಕ್ಕೆ ಸದ್ದಿಲ್ಲ, ಆದುದರಿಂದ ಅದರ ಮೇಲೆ ಯಾರೂ ಸಿಟ್ಟಾಗುವುದಿಲ್ಲ.

ಇದರಲ್ಲಿ ಸ್ವಲ್ಪವನ್ನು, ಶಕ್ತ್ಯನುಸಾರ, ನಾನು ಆ ದಿನ ಆ ರೈತರಿಗೆ ಹೇಳಿದೆ. 38 ತಿಂಗಳೆಂದಾಗ ಅವರು ಬೆರಳು ಮಡಿಚಿ ಎಣಿಸಿ, “ಅಂದರ ಮೂರು ವರ್ಷದ ಮ್ಯಾಲ ಆತು” ಎಂದರು. ಮತ್ತೇನೂ ಹೇಳಲಿಲ್ಲ. ಬುತ್ತಿಯನ್ನು ಅಲ್ಲಿಯೇ ಬಿಚ್ಚಿ ಇಬ್ಬರೂ ಉಂಡು ಊರಿಗೆ ಹೊರಟರು. ನ್ಯಾಯಾಲಯದ ಎಚ್ಚರಿಕೆಯ ಮೇಲೆ ಸಂಘಗಳು ಅಂದೇ ಮುಷ್ಕರವನ್ನು ಮುಂದೂಡಿದವು.

ಮರುದಿನ ಬೆಳಿಗ್ಗೆ ಅದೇ ದಂಪತಿಗಳು ನನ್ನ ಬಸ್ಸಿನಲ್ಲಿಯೇ ಇದ್ದರು. ಕೈಯಲ್ಲಿ ಮತ್ತೊಂದು ಬುತ್ತಿಯ ಗಂಟು. ನಿರ್ವಾಹಕ ಬಂದು ಅವರ ಹೆಂಡತಿಗೆ ಶೂನ್ಯ ದರದ ಟಿಕೇಟನ್ನೂ ಅವರಿಗೆ ಹಣದ ಟಿಕೇಟನ್ನೂ ಹರಿದು ಕೊಟ್ಟು, “ಚಿಲ್ಲರಿ ಇಲ್ಲರಿ ಅಜ್ಜಾರ, ಇಳಿಯೋ ಮುಂದ ಕೊಡ್ತೀನಿ” ಎಂದ. ಅಜ್ಜನವರು ಟಿಕೇಟನ್ನು ಟೋಪಿಯೊಳಗೆ ಸಿಕ್ಕಿಸಿಕೊಂಡು, “ನನ್ನ ಚಿಲ್ಲರಿ ಇರಲಿ. ನಿನ್ನ ಬಾಕಿ ಬಂತೇನಪಾ?” ಎಂದು ಕೇಳಿದರು.

“ಎಲ್ಲಿ ಬಂತ್ರಿ ಅಜ್ಜಾರ” ಎಂದು ನಗುತ್ತ ಅವನು ಮುಂದಿನ ಸೀಟಿನವರ ಕಡೆ ತಿರುಗಿದ.