ಮಂಗ ಸತ್ತರೆ ಮುಚ್ಚಿಡಬಾರದು

ಕಾಡುಮೊಲ ಹೊಡೆದು, ಅದಕ್ಕೆ ರೋಗವಿತ್ತೇ ಎಂದು ಹೊರಳಿಸಿ ನೋಡುವವರು ಮಲೆನಾಡಿನಲ್ಲಿ ಇನ್ನೂ ಇದ್ದಾರೆ. 1972ರ ವನ್ಯಜೀವಿ ಕಾಯಿದೆಯಂತೆ ಆ ಬೇಟೆಯೇ ಅಪರಾಧ. ಅಲ್ಲದೆ ಇಲಿ, ಮೂಗಿಲಿ, ಮೊಲಗಳ ಮೈಯಲ್ಲಿ ಉಣುಗು ತುಂಬಿದ್ದರೂ ಪ್ರಾಣಿ ಚೆನ್ನಾಗಿಯೇ ಕಾಣಬಹುದು. ಕಾಡಿನ ರೋಗವನ್ನು ನಮಗೆ ಮೊದಲು ತಿಳಿಸುವುದು ಸತ್ತ ಮಂಗ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು; ಹಿಂದೆಯೇ ಜನರಿಗೂ ಜ್ವರ ಬಂತು. ಮಂಗ ಸತ್ತೊಡನೆ ಅದರ ಮೈಯ ಉಣುಗುಗಳು ನೆಲಕ್ಕಿಳಿಯುತ್ತವೆ. ಅವುಗಳ ಮೂಲಕ ರೋಗ ದರಗು ಗುಡಿಸುವವರಿಗೂ ಸೊಪ್ಪು ಕಡಿಯುವವರಿಗೂ ತಗಲುತ್ತದೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಸಾವುಗಳಾದದ್ದನ್ನು ಮರೆಯುವಂತಿಲ್ಲ.

ರೋಗದ ಕಾಲವೂ ಅಡಿಕೆ, ಕಾಫಿ ಕೊಯ್ಲಿನ ಕಾಲವೂ ಒಂದೇ. ಸುದ್ದಿ ಹಬ್ಬಿದರೆ ಆಳು ಬಾರರೆಂದು ಸತ್ತ ಮಂಗವನ್ನು ಗುಟ್ಟಾಗಿ ಹೂಳುವವರುಂಟು. ಅವರ ಕಷ್ಟ ನಮಗೂ ಗೊತ್ತು. ಆದರೆ ಆ ಗುಟ್ಟಿನ ಬೆಲೆ ತೆರುವವರು ನಾವು ಬೆಟ್ಟಕ್ಕೆ ಕಳಿಸಿದ ಆಳುಗಳು. ಇದು ನ್ಯಾಯವಲ್ಲ.

ಆದ್ದರಿಂದ ಬೆಳೆಗಾರ ಬಂಧುಗಳಲ್ಲಿ ನಮ್ಮ ವಿನಂತಿ: ಸತ್ತ ಮಂಗವನ್ನು ಮುಟ್ಟಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಅರಣ್ಯ ಕಚೇರಿಗೂ ಅಂದೇ ತಿಳಿಸಿ. ಆ ಬೆಟ್ಟದ ದರಗು ಈ ವರ್ಷ ಬೇಡ. ಕಾಡಂಚಿಗೆ ಹೋಗುವವರಿಗೆ ಡೇಪಾ ಎಣ್ಣೆ ಹಚ್ಚಿಸಿ. ಮರಳಿದ ಮೇಲೆ ಬಿಸಿನೀರಿನ ಸ್ನಾನ, ಬಟ್ಟೆ ಒಗೆತ ತಪ್ಪದಿರಲಿ. ಹಠಾತ್ತನೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಆಸ್ಪತ್ರೆಗೆ ಕರೆದೊಯ್ಯಿರಿ. ಹಳೆಯ ಲಸಿಕೆ 2022ರಲ್ಲಿ ನಿಂತಿತು. ಈ ರೋಗಕ್ಕೆಂದೇ ಆದ ಔಷಧಿಯಿಲ್ಲ. ನಮ್ಮ ಎಚ್ಚರವೇ ನಮಗಿರುವ ಬೇಲಿ.