ಗಾಜಿನ ಮಾತು, ಕೂಲಿಯ ಮಾತು

ಇಂಗ್ಲೆಂಡಿನ ಸ್ತ್ರೀಯರು ಮತದ ಹಕ್ಕಿಗಾಗಿ ಹೂಡಿದ ಹೋರಾಟವನ್ನು ಕುರಿತ ‘ಸಫ್ರಜೆಟ್’ ಚಿತ್ರ 2015ರಲ್ಲಿ ಬಂತು. ನೋಡಿದವರಲ್ಲಿ ಕೆಲವರು ಅಂಗಡಿಗಳ ಗಾಜು ಒಡೆದದ್ದು ಸರಿಯೇ ಎಂದು ಚರ್ಚಿಸುತ್ತಾರೆ. ಕೆಲವರು ಹೋರಾಟದಲ್ಲಿದ್ದ ಸೋಫಿಯಾ ದುಲೀಪ್ ಸಿಂಗರು ಚಿತ್ರದಲ್ಲೇಕಿಲ್ಲವೆಂದು ಕೇಳುತ್ತಾರೆ. ಈ ಆಕ್ಷೇಪಣೆ ನ್ಯಾಯವಾದದ್ದೇ. ಆದರೆ ಕಥಾನಾಯಕಿ 1912ರ ಲಂಡನ್ನಿನ ಲಾಂಡ್ರಿಯೊಂದರ ಕೂಲಿಗಾರ್ತಿ ಎಂಬುದನ್ನು ಮರೆಯುವುದೇಕೆ? ಗಂಡಸಿಗಿಂತ ಹೆಚ್ಚು ಹೊತ್ತು ದುಡಿಮೆ, ಅವನಿಗಿಂತ ಕಡಿಮೆ ಕೂಲಿ. ಗಿರಣಿಯಲ್ಲಿ ದುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೆತ್ತ ಮಗನನ್ನು ಗಂಡ ದತ್ತು ಕೊಟ್ಟರೂ ತಡೆಯುವ ಅಧಿಕಾರ ಆಕೆಗಿಲ್ಲ. ಗಾಜಿನ ಬೆಲೆ ಕೇಳುವ ಮಹನೀಯರು ಇದರ ಬೆಲೆ ಕೇಳಿದಂತಿಲ್ಲ. 1918ರ ಶಾಸನ 21 ತುಂಬಿದ ಗಂಡಸರಿಗೆ ಆಸ್ತಿ ಕೇಳದೆ ಮತ ಕೊಟ್ಟಿತು; ಹೆಂಗಸರಿಗೆ 30 ವರ್ಷ ತುಂಬಿರಬೇಕು, ಆಸ್ತಿಯ ನಿಬಂಧನೆ ಬೇರೆ. ಬರಿಗೈಯ ಕೂಲಿಗಾರ್ತಿ 1928ರವರೆಗೆ ಕಾಯಬೇಕಾಯಿತು.