ಬ್ಯಾರಲ್ ತೊಳೆಯೋಕೆ ಹಳ್ಳವೇ ಬೇಕಾ?

ಮಳೆ ಸ್ವಲ್ಪ ಹೊಳವಾಗಿದೆ. ನಾಳೆಯಿಂದ ನಮ್ಮಲ್ಲಿ ಎರಡನೇ ಮದ್ದು. ನಿಮ್ಮಲ್ಲೂ ಅದೇ ಗಡಿಬಿಡಿ ಇರ್ತದೆ. ಅದಕ್ಕೇ ಇವತ್ತೇ ಬರೀತಾ ಇದೇನೆ.

ಕತ್ತಲೆಕಾನು ಗೊತ್ತಲ್ಲ, ಶರಾವತಿ ಕಣಿವೆಯ ರಾಂಪತ್ರೆ ಜಡ್ಡಿ? ಅಲ್ಲಿ ಹಳ್ಳದಲ್ಲೇ ಬಾಳುವ ಒಂದು ಕಪ್ಪೆಯನ್ನು ಗುರುರಾಜ ಕೆ.ವಿ. ಮತ್ತು ಜೊತೆಯವರು ರಾತ್ರಿಯೆಲ್ಲ ಕಾದು ನೋಡಿ 2014ರಲ್ಲಿ ಲೋಕಕ್ಕೆ ತಿಳಿಸಿದರು. ಹೆಸರು ಕುಂಬಾರ ಕಪ್ಪೆ. ಶಾಸ್ತ್ರೀಯ ಹೆಸರಲ್ಲೂ ನಮ್ಮ 'ಕುಂಬಾರ' ಶಬ್ದವೇ ಇದೆ. ಹೆಣ್ಣು ನೀರಿನ ಮೇಲ್ಗಡೆ ಕಡ್ಡಿಗೋ ಕಲ್ಲಿಗೋ ಮೊಟ್ಟೆ ಅಂಟಿಸಿ ಹೋಗ್ತದೆ. ಆಮೇಲಿನದ್ದೆಲ್ಲ ಗಂಡಿನ ಪಾಲು. ಹಿಂಗಾಲ ಮೇಲೆ ಎದ್ದು ನಿಂತು, ಕೈಯಲ್ಲಿ ಕೆಸರು ತಗೊಂಡು ಮೊಟ್ಟೆಗೆ ಮೆತ್ತುತ್ತದೆ, ಥೇಟ್ ಮಡಕೆಗೆ ಮಣ್ಣು ಹಚ್ಚಿದ ಹಾಗೆ. ಮೊಟ್ಟೆ ಒಣಗಬಾರದು, ಯಾವುದೂ ತಿನ್ನಬಾರದು ಅಂತ ಇರಬೇಕು. ಕಪ್ಪೆ ಹೀಗೆ ಮಾಡೋದನ್ನು ಅದಕ್ಕೂ ಮೊದಲು ಯಾರೂ ದಾಖಲಿಸಿರಲಿಲ್ಲ. ನಮ್ಮ ಮೂಗಿನಡಿ ನಡೀತಿತ್ತು, ನಾವು ಅಡಿಕೆ ದರ ನೋಡ್ತಾ ಕೂತಿದ್ವಿ.

ಮೊಟ್ಟೆಯೊಡೆದ ಮರಿ ಬೀಳೋದು ಹಳ್ಳದ ನೀರಿಗೇ. ಅದರ ಸಂಸಾರ ನಡೆಯೋದು ಮಳೆಗಾಲದಲ್ಲಿ, ನಮ್ಮ ಮದ್ದು ಹೊಡೆಯೋದೂ ಮಳೆಗಾಲದಲ್ಲಿ. ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಆ ತಾಮ್ರ ಕೊಳೆಗೆ ಮದ್ದು, ಕಿವಿರಲ್ಲಿ ಉಸಿರಾಡೋ ಗೊದಮೊಟ್ಟೆಗೆ ವಿಷ.

ಮದ್ದು ಬಿಡಿ ಅಂತ ನಾನು ಹೇಳೋದಿಲ್ಲ. ಒಂದು ವರ್ಷ ತಡಮಾಡಿ ಅರ್ಧ ಫಸಲು ಉದುರಿಸಿಕೊಂಡವನು ನಾನು. ನನ್ನ ತಕರಾರು ಬ್ಯಾರಲ್, ಪಂಪು, ಪೈಪು ಹಳ್ಳಕ್ಕೆ ಒಯ್ದು ತೊಳೆಯೋದರ ಬಗ್ಗೆ ಮಾತ್ರ. ನಾನೂ ಎಷ್ಟೋ ವರ್ಷ ಅದನ್ನೇ ಮಾಡಿದೇನೆ, ನೀರು ನೀಲಿಯಾಗಿ ಹರಿದು ಹೋಗೋದನ್ನು ನೋಡ್ತಾ ಕವಳ ಹಾಕಿದೇನೆ.

"ಇಷ್ಟು ನೀರಲ್ಲಿ ಒಂದು ಬ್ಯಾರಲ್ ಏನು ಮಾಡ್ತದೆ ಮಾರಾಯ?" ಅಂತೀರಿ. ಹೊಳೆಗಾದರೆ ಹೌದು. ನಮ್ಮದು ಹಾರಿ ದಾಟೋವಷ್ಟು ಹಳ್ಳ. ಅದೂ ಹೊಳವಾದಾಗ ನೀರು ಇಳಿದಿರ್ತದೆ, ಅದೇ ಎರಡು ದಿನ ಮೇಲಿನಿಂದ ಕೆಳಗಿನವರೆಗೆ ಎಲ್ಲರದ್ದೂ ಮದ್ದು.

ಈ ಸಲ ನಾನು ಮಾಡೋದು ಇಷ್ಟೇ: ತೊಳೆದ ನೀರನ್ನು ಮರುದಿನದ ದ್ರಾವಣ ಕಲಸೋಕೆ ಇಟ್ಟುಕೊಳ್ಳೋದು, ಕೊನೇ ದಿನದ್ದನ್ನು ಅಂಚಿನ ನಾಲ್ಕು ಮರಕ್ಕೆ ಹೊಡೆದು ಮುಗಿಸೋದು. ಎರಡು ಕೊಡ ನೀರು ಹೊರಬೇಕು, ಅಷ್ಟೇ ಖರ್ಚು. ಕೊನೆಗೌಡನಿಗೆ ಹೇಳಿದೆ. "ಕಪ್ಪೆಗೂ ಒಂದು ಪಾಲು ಇಡ್ತೀರಾ ಹೆಗಡೇರೇ" ಅಂತ ನಕ್ಕ. ನಗಲಿ. ಮೇಲಿನ ತೋಟದವರು ಏನಂತೀರಿ, ಹೇಳಿ.